ಮುಗಿಯುವ ಮೊದಲೇ ಮುಗಿದ ಕೆಲಸ

ಲಿಫ್ಟ್ ರಿಪೇರಿ ಕಂಪನಿಯಲ್ಲಿ ಅವಳಿಗೆ ‘ಟೆನ್ಸ್ ಅಕ್ಕ’ ಎಂದೇ ಹೆಸರು. ಮೆಕ್ಯಾನಿಕ್ಕುಗಳ ವರದಿಯನ್ನು ಇಂಗ್ಲಿಷಿನಲ್ಲಿ ಬರೆಯುವುದು ಅವಳ ಕೆಲಸ. ಅವಳು ಬರುವ ಮುಂಚೆ ಅವರವರೇ ಬರೆದುಕೊಳ್ಳುತ್ತಿದ್ದರು. ‘ಐ ಆಮ್ ಓಪನ್ಡ್ ದ ಬ್ರೇಕ್’ ಎಂದು ಶುರುಮಾಡಿ, ನಿನ್ನೆ ಬಿಚ್ಚಿದ್ದನ್ನು ಇವತ್ತು ಒರೆಸಿ ನಾಳೆ ಕೂರಿಸುತ್ತಿದ್ದರು, ಅದೂ ಒಂದೇ ವಾಕ್ಯದಲ್ಲಿ. ರಿಪೇರಿ ಆಯಿತೋ, ಆಗುತ್ತಿದೆಯೋ, ಆಗಲಿದೆಯೋ ಎಂದು ಗಿರಾಕಿಗಳು ಮ್ಯಾನೇಜರನ ತಲೆ ತಿಂದಿದ್ದರು.

ಅವಳು ಇದಕ್ಕೊಂದು ಉಪಾಯ ಹೂಡಿದಳು. ದಿನದ ವರದಿಗಳನ್ನೆಲ್ಲ ಬೆಳಿಗ್ಗೆಯೇ ಭೂತಕಾಲದಲ್ಲಿ ಬರೆದಿಟ್ಟುಬಿಡುವುದು: ಬಿಚ್ಚಿದೆವು, ಒರೆಸಿದೆವು, ಎಣ್ಣೆ ಹಾಕಿದೆವು, ಹೊರಗೆ ಬಂದೆವು. ಮೆಕ್ಯಾನಿಕ್ ಕೆಲಸ ಮುಗಿಸಿ ಫೋನ್ ಮಾಡಿದ ಮೇಲೆ ಅದನ್ನು ಕಟ್ಟಡದ ವಾಚ್‌ಮನ್ನನ ಮೊಬೈಲಿಗೆ ಕಳಿಸುವುದು. ವರದಿ ಬಂದರೆ ಲಿಫ್ಟಿನ ಮೇನ್ ಸ್ವಿಚ್ ಹಾಕಬಹುದು ಎಂದು ಅವನ ಲೆಕ್ಕ.

ಅವಳ ಮೈದುನನೂ ಅಲ್ಲೇ ಮೆಕ್ಯಾನಿಕ್. ಆ ಬೆಳಿಗ್ಗೆ ಅವಳ ಹೆಗಲ ಮೇಲಿಂದ ಬಗ್ಗಿ ನೋಡಿದ.

“ನಾನಿನ್ನೂ ಟೀ ಕುಡಿದಿಲ್ಲ ಅತ್ತಿಗೆ, ಆಗ್ಲೇ ಕೆಲಸ ಮುಗಿಸಿಬಿಟ್ರಾ? ಸಂಬಳಾನೂ ಹಿಂಗೇ ಮೊದಲೇ ಬರೋ ಹಾಗೆ ಬರೀರಿ.” ಆಮೇಲೆ ಮೂಗು ಹಿಡಿದು ಮ್ಯಾನೇಜರನ ದನಿ ತೆಗೆದ: “ಭೂತಕಾಲ ಅಂದ್ರೆ ಭೂತಕಾಲ. ಮಧ್ಯೆ ವರ್ತಮಾನ ಕಾಲಿಟ್ರೆ, ಕಾಲು ಮುರೀತೀನಿ.”

“ಮೆತ್ತಗೆ ಮಾತಾಡೋ, ಹಿಂದೇನೇ ನಿಂತಿದಾರೆ.”

“ನೋಡಿದ್ರಾ, ಹೆಸರು ಹೇಳ್ತಿದ್ದ ಹಾಗೇ ಭೂತ ಬಂತು,” ಎಂದವನೇ ಚೀಲ ಹೆಗಲಿಗೇರಿಸಿ ಜಾರಿಕೊಂಡ.

ಮಧ್ಯಾಹ್ನ ಮ್ಯಾನೇಜರ್ ಅವಳ ಮೇಜಿನ ಮುಂದೆ ಬಂದು ನಿಂತ. “ಲಿಫ್ಟ್ ಯಾವಾಗ ಶುರುವಾಗುತ್ತೆ ಅಂತ ಆಸ್ಪತ್ರೆಯವರು ಪ್ರಾಣ ಹಿಂಡ್ತಿದಾರೆ. ನಿನ್ನ ಮೈದುನನ ವರದಿ ಯಾಕೆ ಹೋಗಿಲ್ಲ?”

“ಅವನ ಫೋನ್ ಬಂದಿಲ್ಲ ಸರ್. ನಾನು ಮಾಡಿದ್ರೂ ಸಿಗ್ತಿಲ್ಲ.”

“ಊಟಕ್ಕೆ ಹೋಗಿರ್ತಾನಮ್ಮ. ಇಷ್ಟು ಹೊತ್ತು ಅಲ್ಲೇನು ಮೊಟ್ಟೆಗೆ ಕಾವು ಕೊಡ್ತಾನಾ?”

ಹಸಿವಾದರೆ ಮೈದುನನಿಗೆ ಫೋನು, ಲೋಕ ಎರಡೂ ಮರೆಯುತ್ತವೆ. ಹಿಂದೆಯೂ ಮನೆಗೆ ಬಂದು ಕೈ ತೊಳೆಯುತ್ತ, “ಅಯ್ಯೋ, ಹೇಳೋದೇ ಬಿಟ್ಟೆ ಅತ್ತಿಗೆ” ಎಂದವನಲ್ಲವೇ? ಅವಳು ವರದಿ ಕಳಿಸಿದಳು.

ಅವನು ಲಿಫ್ಟಿನ ತಳದ ಹಳ್ಳದಲ್ಲಿ ಕೂತು ಎಣ್ಣೆ ಒರೆಸುತ್ತಿದ್ದ. ಮೇಲೆ ವಾಚ್‌ಮನ್ ಸ್ವಿಚ್ ಹಾಕಿದ. ಯಾರೋ ಲಿಫ್ಟನ್ನು ಕೆಳಗೆ ಕರೆದರು.

“ಹೊರಗೆ ಬಂದ ಅಂತ ನೀವೇ ಬರೆದಿದ್ರಲ್ಲಮ್ಮ,” ಎಂದು ವಾಚ್‌ಮನ್ ಫೋನಿನಲ್ಲಿ ಹೇಳಿದ್ದನ್ನೇ ಹೇಳುತ್ತಿದ್ದ.

ಸಂಜೆ ಗಂಡ ಶವಾಗಾರದ ಬಾಗಿಲಲ್ಲಿದ್ದ. ಅವಳನ್ನು ಮ್ಯಾನೇಜರ್ ಆಫೀಸಿನಲ್ಲೇ ಕೂರಿಸಿಕೊಂಡಿದ್ದ. ಅವನ ದನಿ ತಗ್ಗಿತ್ತು.

“ಇದು ಪೊಲೀಸರಿಗೆ ಕೊಡೋ ವರದಿ. ಅವನು ಹೊರಗೆ ಬಂದಿದ್ದ, ಆಮೇಲೆ ಯಾರಿಗೂ ಹೇಳದೆ ಮತ್ತೆ ಇಳಿದ ಅಂತ ಬರಿ. ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ. ಅವನು ಒಳಗಿದ್ದಾಗ್ಲೇ ವರದಿ ಕಳಿಸಿದ್ದು ನೀನು ಅಂತ ಗೊತ್ತಾದ್ರೆ ಆ ಮನೇಲಿ ಹೆಂಗೆ ಬಾಳ್ತೀಯಾ?”

ಬೆರಳುಗಳು ತಾವಾಗಿಯೇ ಓಡಿದವು. ‘ಹಿ ಹ್ಯಾಡ್ ಕಮ್ ಔಟ್.’ ಆದದ್ದಕ್ಕಿಂತಲೂ ಮುಂಚೆ ಆಗಿಹೋದದ್ದನ್ನು ಹೇಳುವ ಕಾಲ. ಎಲ್ಲೂ ತಪ್ಪಿರಲಿಲ್ಲ. ಪರದೆಯ ಮೇಲಿನ ಆ ವಾಕ್ಯದಲ್ಲಿ ಅವನು ನಿಜಕ್ಕೂ ಹೊರಗೆ ಬಂದಿದ್ದ, ಪ್ಯಾಂಟಿಗೆ ಕೈ ಒರೆಸಿಕೊಳ್ಳುತ್ತಿದ್ದ. ಅವನನ್ನು ಅಲ್ಲಿಂದ ಅಳಿಸಲು ಅವಳಿಗೆ ಮನಸ್ಸಾಗಲಿಲ್ಲ. ತುಂಬಾ ಹೊತ್ತು ನೋಡುತ್ತ ಕೂತಳು.

ಆಮೇಲೆ ಒಂದೊಂದೇ ಅಕ್ಷರ ಅಳಿಸಿದಳು. ತನ್ನ ಕೈಯಾರೆ ಅವನನ್ನು ಮತ್ತೆ ಹಳ್ಳಕ್ಕೆ ಇಳಿಸಿದ ಹಾಗಾಯಿತು.

“ನಾನು ಕಳಿಸಿದಾಗ ಅವನು ಒಳಗಿದ್ದ. ಅಷ್ಟೇ ಬರೀತೀನಿ ಸರ್.”

“ಅತ್ತೆಗೆ ಏನು ಹೇಳ್ತೀಯಾ?”

“ಇದನ್ನೇ.”

ಮನೆಯಲ್ಲಿ ಅತ್ತೆಗೆ ಯಾರೂ ಏನೂ ತಿಳಿಸಿರಲಿಲ್ಲ. ಹೊಸ್ತಿಲಲ್ಲಿ ನಿಂತು, ಅವಳ ಬೆನ್ನ ಹಿಂದಿನ ರಸ್ತೆಯತ್ತ ಕತ್ತು ಚಾಚಿ ನೋಡಿದರು.

“ಒಬ್ಳೇ ಬಂದ್ಯಾ? ಚಿಕ್ಕೋನೆಲ್ಲಿ?”

“ಒಳಗೆ ಬನ್ನಿ ಅತ್ತೆ, ಕೂತ್ಕೊಳ್ಳಿ,” ಎಂದು ಅವರ ಕೈ ಹಿಡಿದಳು. ಹೇಳಿದ ಮೇಲೆ ಆ ಕೈ ತನ್ನ ಕೈಯಲ್ಲಿ ಉಳಿಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.