ಪೂಜೆಗಿಟ್ಟ ಟೇಪುಗಳು

೧

ಟೇಪಿಗೆ ಒಂದು ಸೌಕರ್ಯವಿದೆ. ಎಲ್ಲಿಂದ ಶುರುಮಾಡಬೇಕು ಎಂಬ ಗೊಂದಲ ಅದಕ್ಕಿಲ್ಲ. ಸುರುಳಿಯ ತುದಿ ಎಲ್ಲಿದೆಯೋ ಅಲ್ಲಿಂದಲೇ. ನನಗೆ ಆ ಭಾಗ್ಯವಿಲ್ಲ. ಬೆಳಿಗ್ಗೆ ಮೊದಲ ಸಲ ಶುರುಮಾಡಿದಾಗ ಕುಕ್ಕರ್ ಕೂಗಿತು. ಎರಡನೆಯ ಸಲ ಚಿಕ್ಕವನ ಶಾಲೆಯ ವ್ಯಾನ್ ಬಂತು, ಅವನ ಒಂದು ಕಾಲುಚೀಲ ಸಿಗಲಿಲ್ಲ. ಮೂರನೆಯ ಸಲ ಯಾರೂ ಅಡ್ಡ ಬರಲಿಲ್ಲ, ವಾಕ್ಯವೇ ಕೆಟ್ಟದಾಗಿತ್ತು. ನೀವೇ ನೋಡಿ:

"ದಿಂಡಿಗಲ್ಲಿನ ಆಚೆ, ವೇಡಸಂದೂರಿನ ದಾರಿಯಲ್ಲಿರುವ ನೂಲಿನ ಮಿಲ್ಲಿನಲ್ಲಿ, ಎಲ್ಲಕ್ಕಿಂತ ತಣ್ಣಗಿನ ಕೋಣೆಯಲ್ಲಿ, ಎಲ್ಲರಿಗಿಂತ ಒಂಟಿಯಾದ ಹೆಂಗಸೊಬ್ಬಳು ಕೂತಿದ್ದಳು."

(ಎಲ್ಲಕ್ಕಿಂತ, ಎಲ್ಲರಿಗಿಂತ. ಸಿನಿಮಾ ಪೋಸ್ಟರ್ ಬರೆಯುತ್ತಿದ್ದೇನೆಯೇ? ಇದರ ಮುಂದೆ ಅವಳ ಬಾಯಿಗೆ ಬೀಗ ಬಿದ್ದಿತ್ತು ಎಂದೂ ಬರೆದಿದ್ದೆ. ಬೀಗಕ್ಕೆ ಹೆಸರಾದ ದಿಂಡಿಗಲ್ ಎಂದಮೇಲೆ ಬೀಗದ ಉಪಮೆ ಬರಲೇಬೇಕೆ? ಹೊಡೆದುಹಾಕಿದ್ದೇನೆ.)

೨

ನೇರವಾಗಿ ಹೇಳುತ್ತೇನೆ. ಅವಳ ಹೆಸರು ಮಣಿಮೇಗಲೈ. ವಯಸ್ಸು ನಲವತ್ತು ದಾಟಿದೆ, ಮದುವೆಯಾಗಲಿಲ್ಲ. ಹುಟ್ಟಿದ್ದು ತಮಿಳುನಾಡಿನ ಕಂಬಂ ಕಣಿವೆಯ ಹನುಮಂತನಪಟ್ಟಿಯಲ್ಲಿ, ಮನೆಯೊಳಗೆ ಕನ್ನಡ ಹೊರಗೆ ತಮಿಳು ಎಂದು ಬದುಕುವ ನಮ್ಮ ಜನರಲ್ಲಿ. ಮಿಲ್ಲಿನ ಕೆಲಸ ಸಿಕ್ಕಾಗ ತಾಯಿ ಗೋವಿಂದಮ್ಮಾಳನ್ನು ಜೊತೆಗೆ ಕರೆದುಕೊಂಡು ದಿಂಡಿಗಲ್ಲಿಗೆ ಬಂದಳು. ಈ ವರ್ಷ ಆಡಿ ತಿಂಗಳಲ್ಲಿ, ಅಂದರೆ ಆಷಾಢದಲ್ಲಿ, ತಾಯಿ ತೀರಿಕೊಂಡಳು. ಅಂದಿನಿಂದ ಆ ಬಾಡಿಗೆ ಮನೆಯಲ್ಲಿ ಯಾರೂ ಕನ್ನಡ ಆಡಿಲ್ಲ. ಆಡಲು ಇನ್ನೊಬ್ಬರು ಬೇಕಲ್ಲ.

ಮಿಲ್ಲಿನ ಸರ್ವರ್ ಅವಳ ಜವಾಬ್ದಾರಿ. ಹೆಂಗಸರ ಹಾಜರಿ, ನೂಲಿನ ಲಾಟು, ಲಾರಿ ಹೋದದ್ದು ಬಂದದ್ದು, ಎಲ್ಲವೂ ಅದರಲ್ಲಿವೆ. ದಿನಾ ಅದರ ನಕಲು ಟೇಪಿಗೆ ಹೋಗಬೇಕು. ಸರ್ವರ್ ಸತ್ತರೆ ಟೇಪಿನಿಂದ ಮತ್ತೆ ಎಬ್ಬಿಸಬಹುದು. ಟೇಪ್ ಡ್ರೈವ್ ಅಂದರೆ ಏನು ಎಂದು ಕೇಳುವವರಿಗೆ: ಹಳೆಯ ಕಾಲದ ಕ್ಯಾಸೆಟ್ ಪ್ಲೇಯರಿನ ಗಂಭೀರ ಸ್ವಭಾವದ ದೊಡ್ಡಪ್ಪ. ಹಾಡುವುದಿಲ್ಲ, ಬರೆದುಕೊಳ್ಳುತ್ತದೆ.

ಆಯುಧ ಪೂಜೆ ಬಂತು. ಸಾವಾದ ಮನೆಯಲ್ಲಿ ಒಂದು ವರ್ಷ ಹಬ್ಬವಿಲ್ಲ. ಅದು ನಮ್ಮಲ್ಲಿ ಕಟ್ಟುನಿಟ್ಟು. ಮನೆಯಲ್ಲಿ ದೀಪ ಹಚ್ಚುವಂತಿಲ್ಲ, ಕತ್ತಿಗೆ ಕುಡುಗೋಲಿಗೆ ಬೊಟ್ಟಿಡುವಂತಿಲ್ಲ. ಆದರೆ ಮಿಲ್ಲಿಗೆ ಯಾವ ಸೂತಕ? ಬೇರೆ ವರ್ಷ ಸರ್ವರ್ ಕೋಣೆಯ ಬಾಗಿಲಿಗೆ ಒಂದು ಚಂದನದ ಬೊಟ್ಟು ಇಟ್ಟು ಪ್ರಸಾದದ ಕಡಲೆ ಸುಂಡಲ್ ತಿಂದು ಬರುತ್ತಿದ್ದವಳು, ಈ ವರ್ಷ ತಾಯಿಯ ಪಳನಿ ವಿಭೂತಿಯ ಚೀಲವನ್ನೇ ತೆಗೆದುಕೊಂಡು ಹೋದಳು. ತಟ್ಟೆಯಲ್ಲಿ ಟೇಪುಗಳನ್ನು ಜೋಡಿಸಿದಳು, ಮಲಗಿದ ಮಕ್ಕಳನ್ನು ಜೋಡಿಸಿದ ಹಾಗೆ. ಮನೆಯಲ್ಲಿ ಮಾಡಲಾಗದ ಪೂಜೆಯನ್ನೆಲ್ಲ ಅಲ್ಲೇ ಮಾಡಿದಳು. ವಿಭೂತಿಯನ್ನು ಕೈತುಂಬ ಉದುರಿಸಿದಳು.

ಮರುದಿನ ಡ್ರೈವಿನ ಹಳದಿ ದೀಪ ಮಿನುಗಿತು. ಪರದೆಯ ಮೇಲೆ: ರೈಟ್ ಎರರ್. ಟೇಪಿಗೆ ಬರೆಯಲಾಗುತ್ತಿಲ್ಲ.

ಮತ್ತೆ ೨

(ಮೇಲಿನದರಲ್ಲಿ ಕಾರಣವನ್ನು ನಾನೇ ಹೇಳಿಬಿಟ್ಟೆ. ಪತ್ತೇದಾರಿ ಕಥೆಯಾಗಿದ್ದರೆ ಹಾಳಾಗಿತ್ತು. ನಿಮಗೆ ಗೊತ್ತಿರಲಿ, ಅವಳಿಗೆ ಇನ್ನೂ ಗೊತ್ತಿಲ್ಲ.)

ಅವಳು ಚೆನ್ನೈಯ ಸಪೋರ್ಟ್ ಕಂಪನಿಗೆ ಟಿಕೆಟ್ ಹಾಕಿದಳು, ಅಂದರೆ ದೂರು ದಾಖಲಿಸಿದಳು. ಅಜಿತ್‌ಕುಮಾರ್ ಎಂಬ ಹುಡುಗ ಫೋನ್ ಮಾಡಿದ. ಅವಳ ಪರದೆ ಅವನ ಪರದೆಯಲ್ಲೂ ಕಾಣುವಂತೆ ಜೋಡಿಸಿಕೊಂಡ. ಇಂಗ್ಲಿಷಿನಲ್ಲಿ ಮೇಡಂ, ಪ್ಲೀಸ್ ಮೇಡಂ. ಬೇರೆ ಟೇಪು ಹಾಕಿ ಮೇಡಂ. ಹಾಕಿದಳು, ಎರರ್. ಕ್ಲೀನಿಂಗ್ ಟೇಪು ಹಾಕಿ ಮೇಡಂ. ಹಾಕಿದಳು, ದೀಪ ಆರಿತು, ಒಂದು ದಿನ ಸರಿಯಿತ್ತು, ಮತ್ತೆ ಎರರ್. ಕೇಬಲ್ ಬದಲಿಸಿ ಮೇಡಂ. ಬಗ್ಗಿ, ರ‍್ಯಾಕಿನ ಹಿಂದೆ ತಲೆ ತೂರಿಸಿ ಕೇಬಲ್ ಎಳೆಯುವಾಗ ಮಣಿಮೇಗಲೈ ಡ್ರೈವಿಗೇ ಬೈದಳು, ತಾಯಿಯ ಮಾತಿನಲ್ಲಿ: "ಏನ್ ಬಂದೈತೆ ನಿಂಗೆ, ಹಾಳಾದ್ದೇ? ದಿನಾ ಇಕ್ಕಿದ್ದ ತಿನ್ನಾಕೇನು ರೋಗ?"

ಫೋನಿನಲ್ಲಿ ಹುಡುಗ ಇಂಗ್ಲಿಷ್ ಬಿಟ್ಟು, ಯಾವ ಊರೆಂದು ತಮಿಳಿನಲ್ಲಿ ಕೇಳಿದ: "ಅಕ್ಕಾ, ನೀಂಗ ಎಂದ ಊರು?"

ಅವನ ಪಾಟಿ, ಅಂದರೆ ಅಜ್ಜಿ, ಮೂಕಮ್ಮಾಳ್ ಇರುವುದು ಅದೇ ಕಂಬಂ ಕಣಿವೆಯ ಉತ್ತಮಪಾಳಯದ ಹತ್ತಿರ. ಅವಳು ಹೀಗೆಯೇ ಬೈಯುತ್ತಾಳಂತೆ. ಬೈಗುಳವೆಲ್ಲ ಅವನಿಗೆ ತಿಳಿಯುತ್ತದೆ. ತಿರುಗಿ ಬೈಯಲು ಬಾಯಿ ಬರುವುದಿಲ್ಲ.

"ತಮಿಳಲ್ಲಿ ಬೈದ್ರೆ ಪಾಟಿಗೆ ಉರೈಕ್ಕಾದು, ನಾಟಾದಿಲ್ಲ ಅಕ್ಕಾ," ಎಂದ. "ದೀಪಾವಳಿಗೆ ಊರಿಗೆ ಹೋಗ್ತೇನು. ಒಂದೇ ಒಂದು ಮಾತು ಸೊಲ್ಲಿಕುಡುಂಗ, ಕಲಿಸಿಕೊಡಿ. ಪಾಟಿ ಬಾಯಿ ಮುಚ್ಚಬೇಕು."

"ಅಜ್ಜಿ ಬಾಯಿ ಮುಚ್ಚೋ ಮಾತು ನಮ್ಮ ಜಾತೀಲೇ ಇಲ್ಲೆ ತಂಬಿ," ಎಂದಳು ಮಣಿಮೇಗಲೈ. ನಗು ಬಂದಾಗ ತನ್ನ ದನಿಯೇ ಅವಳಿಗೆ ಹೊಸದೆನಿಸಿತು.

೩ (ಹರಿದ ಕರಡು)

ಇಲ್ಲೊಂದು ಕರಡು ಇತ್ತು. ಅದರಲ್ಲಿ ಅಜಿತ್‌ಕುಮಾರನಿಗೆ ನಲವತ್ತೈದು ವರ್ಷ, ಹೆಂಡತಿ ಇಲ್ಲ, ದನಿ ಗಂಭೀರ. ನಾನು ಬಟ್ಟೆ ಮಡಿಸುತ್ತಾ ಅವರಿಬ್ಬರನ್ನೂ ದಿಂಡಿಗಲ್ ಜಂಕ್ಷನ್ನಿನ ಪ್ಲಾಟ್‌ಫಾರ್ಮಿಗೆ ಕರೆತರುವ ಹೊತ್ತಿಗೆ ಮಣಿಮೇಗಲೈ ಬಂದು ನನ್ನ ಅಡುಗೆಮನೆಯ ಹೊಸ್ತಿಲ ಮೇಲೆ ಕೂತಳು.

"ನನ್ನ ಬಗ್ಗೆ ಏನ್ ಬರೀತಿದ್ದೀಯ?"

"ಓದಿ ನೋಡು."

"ಈ ಎಳುತ್ತು ನಂಗೆ ಬರಾಕಿಲ್ಲೆ. ನೀನೇ ಓದು."

ಮರೆತೇಬಿಟ್ಟಿದ್ದೆ. ನಮ್ಮಲ್ಲಿ ಕನ್ನಡ ಆಡುವವರುಂಟು, ಓದುವವರಿಲ್ಲ. ನಾನು ಅಕ್ಷರ ಕಲಿತದ್ದೇ ಮಕ್ಕಳಾದ ಮೇಲೆ, ಬಣ್ಣದ ಚಿತ್ರದ ಪುಸ್ತಕ ತರಿಸಿಕೊಂಡು. ಅವಳ ಕಥೆಯನ್ನು ಅವಳು ಓದಲಾರದ ಲಿಪಿಯಲ್ಲಿ ಬರೆಯುತ್ತಿದ್ದೇನೆ. ಗಟ್ಟಿಯಾಗಿ ಓದಿದೆ. ಪ್ಲಾಟ್‌ಫಾರ್ಮ್ ಬಂದಾಗ ಅವಳು ಮೂಗು ಮುರಿದಳು.

"ಅವ್ನು ನನ್ನ ತಂಬಿ ವಯಸ್ಸಿನೋನು. ಹರ್ದಾಕು ಅದ."

ಹರಿದುಹಾಕಿದೆ. ಮುಂದೆ ಓದುವಾಗ ತಡೆದಳು. "ಒಂಟಿತನ ಅಂದ್ರೆ ಏನು?"

"ತನಿಮೈ," ಎಂದೆ.

"ಓ. ಅದಾ." ಸ್ವಲ್ಪ ಯೋಚಿಸಿದಳು. "ನಮ್ಮ ಹಟ್ಟೀಲಿ ಅದುಕ್ಕೆ ಮಾತಿಲ್ಲೆ. 'ಒಬ್ಳೇ ಅವ್ಳೆ' ಅಂತೀವಿ. ಅಷ್ಟೇ."

೪

ಟೇಪ್ ಪರೀಕ್ಷೆಯ ಗುಣ ಕಾಯಿಸುವುದು. ಬರೆಯಬೇಕು, ಹಿಂದಕ್ಕೆ ಸುತ್ತಬೇಕು, ಬರೆದದ್ದನ್ನು ಮತ್ತೆ ಓದಿ ಸರಿನೋಡಬೇಕು. ಮುಗಿಯುವವರೆಗೆ ಸಪೋರ್ಟಿನವನು ಫೋನ್ ಇಡುವಂತಿಲ್ಲ, ಅದು ಕಂಪನಿಯ ನಿಯಮ. ಆ ಕಾಯುವ ಹೊತ್ತು ಅವರಿಬ್ಬರದು. ಅವಳು ಕನ್ನಡದಲ್ಲಿ ಹೇಳುವಳು, ಅವನು ತಮಿಳಿನಲ್ಲಿ ಉತ್ತರಿಸುವನು, ನಡುವೆ ಒಂದೊಂದು ಕನ್ನಡದ ಮಾತನ್ನು ಬಿಸಿ ಇಡ್ಲಿ ಹಿಡಿದಂತೆ ಹಿಡಿದು ನೋಡುವನು.

"ಉಂಡ್ಯಾ ತಂಬಿ?"

"ಉಂಡೆ ಅಕ್ಕಾ. ಪರೋಟಾ."

"ಉಂಡೆ ಅನ್ನೋಕೆ ಪರೋಟಾ ಏನ್ ಅನ್ನವಾ? ತಿಂದೆ ಅನ್ಬೇಕು."

"ಪಾಟಿ ಇದುಕ್ಕೂ ಬೈತಾಳೆ," ಎಂದ, ಹೆಮ್ಮೆಯಿಂದ.

ಮನೆಗೆ ಹೋಗುವಾಗ ಬಸ್ಸಿನಲ್ಲಿ ಮಣಿಮೇಗಲೈ ನಾಳೆ ಯಾವ ಮಾತು ಕೊಡಬೇಕೆಂದು ಹುಡುಕುತ್ತಿದ್ದಳು. ತಾಯಿ ತೀರಿಕೊಂಡ ಮೇಲೆ ನಾಳೆಗೆಂದು ಅವಳು ಏನನ್ನೂ ಎತ್ತಿಟ್ಟಿರಲಿಲ್ಲ.

೫

ಅವಳಿಗೆ ಕಾರಣ ಸಿಕ್ಕಿದ್ದು ಅವನು ಊಟಕ್ಕೆ ಹೋಗಿದ್ದಾಗ. ಪೂಜೆಯ ಟೇಪುಗಳೆಲ್ಲ ಒಂದಾದ ಮೇಲೊಂದು ಎರರ್ ಕೊಡುತ್ತಿದ್ದವು. ಬೀರುವಿನ ಹಿಂದೆ, ಪೂಜೆಗೆ ಇಡಲು ಮರೆತಿದ್ದ ಒಂದು ಹೊಸ ಪೊಟ್ಟಣವಿತ್ತು. ಡ್ರೈವನ್ನು ಮತ್ತೊಮ್ಮೆ ತೊಳೆದು ಅದರ ಟೇಪು ಹಾಕಿದಳು. ಒಂದೂ ಎರರ್ ಇಲ್ಲ. ಒಂದು ಹಳೆಯ ಟೇಪಿನ ಪುಟ್ಟ ಬಾಗಿಲನ್ನು ಬೆರಳಿನಿಂದ ಸರಿಸಿ ನೋಡಿದಳು. ಒಳಗೆ ಬೂದುಬಣ್ಣದ ಸಣ್ಣ ಪುಡಿ. ಪ್ರತಿ ಟೇಪೂ ಒಳಗೆ ಹೋದಾಗ ಸ್ವಲ್ಪ ವಿಭೂತಿಯನ್ನು ಡ್ರೈವಿನ ಹಣೆಗೆ ಹಚ್ಚಿ ಬರುತ್ತಿತ್ತು. ಎಷ್ಟು ತೊಳೆದರೂ ಮುಂದಿನ ಟೇಪು ಮತ್ತೆ ಹಚ್ಚುತ್ತಿತ್ತು.

ಅಜಿತ್‌ಕುಮಾರ್ ಊಟದಿಂದ ಬಂದ. "ಅಕ್ಕಾ, ಏನಾರ ಗೊತ್ತಾತಾ?"

ಅವಳು ಹೊಸ ಟೇಪನ್ನು ತೆಗೆದು ಹಳೆಯದನ್ನು ಹಾಕಿದಳು.

"ಇಲ್ಲೆ ತಂಬಿ," ಎಂದಳು.

(ಇಲ್ಲಿ ನಾನು ಪೆನ್ನು ಕೆಳಗಿಟ್ಟು ಹಾಲು ಕಾಯಿಸಿದೆ. ಅವಳಿಗೆ ಬುದ್ಧಿ ಹೇಳಬೇಕೆನಿಸಿತು. ಗೊತ್ತಾದರೆ ಟಿಕೆಟ್ ಮುಗಿಯುತ್ತದೆ, ಟಿಕೆಟ್ ಮುಗಿದರೆ ಫೋನ್ ನಿಲ್ಲುತ್ತದೆ, ಇಷ್ಟೇ ಅವಳ ಲೆಕ್ಕ. ಒಳ್ಳೆಯ ತಾಯಿ ಗದರಿಸುತ್ತಿದ್ದಳೇನೋ. ನನಗೆ ಆಗಲಿಲ್ಲ. ಹಾಲು ಮಾತ್ರ ಉಕ್ಕಲಿಲ್ಲ, ಅಷ್ಟು ಎಚ್ಚರವಾಗಿದ್ದೆ.)

೬

ಸರ್ವರಿನ ಎರಡು ಡಿಸ್ಕುಗಳಲ್ಲಿ ಒಂದು ಕೆಂಪು ದೀಪ ತೋರಿಸಿತು. ಇನ್ನೊಂದೂ ಹೋದರೆ ಟೇಪೊಂದೇ ಗತಿ. ಒಳ್ಳೆಯ ಟೇಪು ಬೀರುವಿನ ಹಿಂದೆ ಕೂತಿತ್ತು. ಅದು ಕೂಡ ಅವಳ ಬಾಯಿ ಬಿಡಿಸಲಿಲ್ಲ. ಬಿಡಿಸಿದ್ದು ಗುರುವಾರದ ಒಂದು ಮಾತು.

"ಅಕ್ಕಾ, ಈ ಟಿಕೆಟ್ ನಾಳೆ ಮುಗೀಲಿಲ್ಲಾಂದ್ರೆ ಬೇರೆ ಟೀಮಿಗೆ ಕೊಡ್ತಾರಂತೆ. ಹಂಗಾದ್ರೆ ನನಗೆ ದೀಪಾವಳಿ ಲೀವು ಕೆಡಯಾದು, ಸಿಗಾದಿಲ್ಲ, ಆಫೀಸಲ್ಲೇ ಕೂತು ಹಳೇ ಟಿಕೆಟ್ ನೋಡು ಅಂತಾನೆ ಟೀಮ್ ಲೀಡು."

"ಪಾಟಿಗೆ ಹೇಳಿದ್ಯಾ?"

"ಇನ್ನೂ ಇಲ್ಲೆ. ಮುರುಕ್ಕು ಸುಡ್ತಾ ಇದ್ದಾಳೆ, ನನಗೇಂತ."

೭

ಶುಕ್ರವಾರ ಮಧ್ಯಾಹ್ನ ಅವಳೇ ಫೋನ್ ಮಾಡಿದಳು. ಇದನ್ನು ನಾನು ಮಾಡಿಸಲಿಲ್ಲ. ನಾನು ಸೊಪ್ಪು ಬಿಡಿಸುತ್ತಾ ಕೂತಿದ್ದೆ.

"ತಂಬಿ, ಡ್ರೈವ್ ಕೆಟ್ಟಿಲ್ಲೆ. ನಾ ಕೆಡಿಸ್ದೆ."

"ಎನ್ನಕ್ಕಾ ಸೊಲ್ರೀಂಗ?" ಅವಳು ಏನು ಹೇಳುತ್ತಿದ್ದಾಳೆಂದು ಅವನಿಗೆ ಹೊಳೆಯಲಿಲ್ಲ.

"ವಿಬೂದಿ. ಪೂಜೆ ದಿನ ಟೇಪ್ ಮ್ಯಾಲೆ ಉದುರಿಸ್ದೆ, ಒಳುಕ್ಕೆ ಹೋಗೈತೆ. ಪೂಜೆಗಿಡದ ಟೇಪ್ ಹಾಕಿದ್ರೆ ಸರಿಯಾಗೇ ಬರೀತದೆ. ನಂಗೆ ಹೋದ ವಾರವೇ ಗೊತ್ತು."

"ಹೋದ ವಾರವೇ?" ಅವನು ಕನ್ನಡದಲ್ಲೇ ಕೇಳಿದ. ಎಷ್ಟು ತಿದ್ದಿದರೂ ಸರಿಹೋಗದಿದ್ದ ಅವನ ಉಚ್ಚಾರ ಈ ಮಾತಿನಲ್ಲಿ ಸರಿಯಾಗಿತ್ತು.

"ಹ್ಞೂ. ಹೇಳಿದ್ರೆ ನೀ ಮಾತಾಡಾಕಿಲ್ಲೆ ಅಂತ."

ಆ ಕಡೆಯಿಂದ ಕೀಲಿಮಣೆಯ ಸದ್ದು ಕೇಳಿತು. ಆಮೇಲೆ ಇಂಗ್ಲಿಷ್: "ಓಕೆ ಮೇಡಂ. ಥ್ಯಾಂಕ್ಯೂ ಫಾರ್ ದ ಇನ್ಫರ್ಮೇಶನ್. ಡ್ರೈವ್ ಕ್ಲೀನ್ ಮಾಡಿ, ಹೊಸ ಟೇಪ್ ಹಾಕಿ, ಫುಲ್ ಬ್ಯಾಕಪ್ ಕೊಡಿ ಮೇಡಂ. ವೆರಿಫೈ ಆಗೋವರೆಗೆ ಲೈನಲ್ಲಿರ್ತೇನೆ."

ಮೇಡಂ. ತಾಯಿ ಸತ್ತ ದಿನ ಅಳದಿದ್ದವಳು ಇನ್ನೊಂದು ಹೊಸ ಟೇಪಿನ ಮೇಲಿನ ಪ್ಲಾಸ್ಟಿಕ್ ಹರಿಯಲಾಗದೆ ಹಲ್ಲಿನಿಂದ ಕಚ್ಚಿದಳು.

ಕೊನೆ, ಮೊದಲ ಬಗೆ

ಬ್ಯಾಕಪ್ಪಿನ ನಡುವೆ ಎರಡನೆಯ ಡಿಸ್ಕೂ ಸಾಯುತ್ತದೆ. ಎಲ್ಲ ಹೋಗುತ್ತದೆ. ಸುಳ್ಳಿಗೆ ಶಿಕ್ಷೆ.

ಮಣಿಮೇಗಲೈ ಹೊಸ್ತಿಲಿನಿಂದ: "ನಾ ಮಾಡಿದ್ದುಕ್ಕೆ ಸ್ಪಿನ್ನಿಂಗ್ ಹೆಂಗಸ್ರ ಹಾಜರಿ ಯಾಕೆ ಅಳಿಸ್ತೀಯ? ಅವ್ರೇನ್ ಮಾಡಿದ್ರು ನಿಂಗೆ?"

ಕೊನೆ, ಇನ್ನೊಂದು

ಹುಡುಗನಿಗೂ ಮೊದಲೇ ಗೊತ್ತಿತ್ತು. ಅವನೂ ಮಾತಿಗಾಗಿಯೇ ಸುಮ್ಮನಿದ್ದ. ಇಬ್ಬರೂ ನಗುತ್ತಾರೆ.

"ಹಂಗಾದ್ರೆ ನಾ ತಪ್ಪೇ ಮಾಡ್ನಿಲ್ಲ ಅಂತಾಯ್ತದೆ. ಮಾಡಿವ್ನಿ. ಇರ್ಲಿ ಅದು," ಎಂದಳು ಮಣಿಮೇಗಲೈ.

ಕೊನೆ, ನನಗೆ ಬಹಳ ಇಷ್ಟವಾದದ್ದು

ದೀಪಾವಳಿಯ ಬೆಳಿಗ್ಗೆ, ಹಬ್ಬವಿಲ್ಲದ ಮನೆಯಲ್ಲಿ ಫೋನ್ ಬಡಿದುಕೊಳ್ಳುತ್ತದೆ. ಉತ್ತಮಪಾಳಯದ ಕಡೆಯಿಂದ ಮುದುಕಿಯೊಬ್ಬಳು: "ಯಾರವ್ಳು, ನನ್ನ ಮೊಮ್ಮಗಂಗೆ ತಿರುಗಿ ಬೈಯ್ಯಾದು ಕಲಿಸ್ದೋಳು?"

ಇದನ್ನು ಅವಳಿಗೆ ಎರಡು ಸಲ ಓದಿದೆ. ಮಣಿಮೇಗಲೈ ಕೊನೆಯವರೆಗೂ ಕೇಳಿ, ಎದ್ದು ಸೀರೆ ಕೊಡವಿಕೊಂಡಳು.

"ನೀನು ಮಕ್ಕಳ ತಾಯಿ. ಫೋನ್ ಬಂದೇ ಬರ್ತದೆ ಅಂತ ನಿಂಗೆ ನಂಬ್ಕೆ," ಎಂದಳು, ಕೋಪವಿಲ್ಲದೆ. "ನಾ ಹೋಗ್ತೀನಿ. ಲೈನಲ್ಲಿ ಅವ್ನವ್ನೆ."

೭ರ ಮುಂದುವರಿಕೆ, ಅಥವಾ ನನಗೆ ಕಾಣುವಷ್ಟು

ಆದ್ದರಿಂದ ಬ್ಯಾಕಪ್ ನಡೆಯುತ್ತಿದೆ. ಎರರ್ ಇಲ್ಲ. ಡಿಸ್ಕ್ ತಡೆದುಕೊಂಡಿದೆ. ಸಂಜೆಯ ಶಿಫ್ಟಿನ ಹೆಂಗಸರು ಬಂದು ಹೆಬ್ಬೆರಳು ಒತ್ತಿ ಒಳಗೆ ಹೋದರು; ಅವರ ಹಾಜರಿಯೂ ಸರ್ವರಿಗೆ ಸೇರಿತು. ಫೋನು ಮೇಜಿನ ಮೇಲೆ ಸ್ಪೀಕರಿನಲ್ಲಿದೆ. ಬಹಳ ಹೊತ್ತಿನಿಂದ ಯಾರೂ ಮಾತಾಡಿಲ್ಲ. ಟೇಪು ನಿಂತಮೇಲೆ ಏನಾಗುತ್ತದೆ, ಅವನು ಅಕ್ಕ ಎನ್ನುತ್ತಾನೋ ಮೇಡಂ ಎನ್ನುತ್ತಾನೋ, ಊರಿನ ಬಸ್ಸು ಹತ್ತುತ್ತಾನೋ ಇಲ್ಲವೋ, ನನ್ನನ್ನು ಕೇಳಬೇಡಿ. ನನ್ನ ಕಥೆಗಿಂತ ಆ ಟೇಪು ಉದ್ದ. ವ್ಯಾನು ಬರುವ ಹೊತ್ತಾಯಿತು, ನಾನೂ ಬೀದಿಯ ತುದಿಗೆ ಹೋಗಬೇಕು.

ಚಪ್ಪಲಿ ಮೆಟ್ಟುವಾಗ ಇಷ್ಟು ಮಾತ್ರ ಕೇಳಿಸಿತು. ಸ್ಪೀಕರಿನಲ್ಲಿ ಹುಡುಗ ಗಂಟಲು ಸರಿಮಾಡಿಕೊಂಡ.

"ಇನ್ನೂ ಓಡ್ತೈತಾ?" ಎಂದ.

ಓಡುವುದು ಅವನ ಪರದೆಯಲ್ಲೇ ಕಾಣುತ್ತದೆ. ಕೇಳಬೇಕಾಗಿರಲಿಲ್ಲ.

ಮಣಿಮೇಗಲೈ ಕುರ್ಚಿಯನ್ನು ಫೋನಿನ ಹತ್ತಿರಕ್ಕೆ ಎಳೆದುಕೊಂಡಳು.

"ಓಡ್ತೈತೆ," ಎಂದಳು. "ಇನ್ನೂ ಒಸಿ ಐತೆ."