ವಟ್ಟೆ ಉರಿ

ಎರಡೂ ಒಂದೇ ತೂಕ ಅನ್ನುತ್ತಾನೆ ಅಂಗಡಿಯವನು, ಹೆಣ್ಣುಮಕ್ಕಳು ಎಸೆಯುವ ವಟ್ಟು, ಡಿಸ್ಕಸ್ಸು, ಒಂದೊಂದು ಕೆ.ಜಿ., ಆದರೆ ನನ್ನ ಎಡಗೈಗೆ ಒಂದೇ ಅನ್ನಿಸುತ್ತಿಲ್ಲ, ಎಡಗೈಗೇನು ಗೊತ್ತು, ಅದು ಯಾವತ್ತು ಎಸೆದಿತ್ತು — ಮರದ ಬಿಲ್ಲೆ, ಸುತ್ತ ಕಬ್ಬಿಣದ ಪಟ್ಟಿ, ವಾರ್ನಿಷ್ ವಾಸನೆ, ಹೊಸೂರಿನ ಬಿಸಿಲು ಪಟ್ಟಿಯ ಮೇಲೆ ಬಿದ್ದು ಕಣ್ಣು ಕುಕ್ಕುತ್ತಿದೆ, ಬಲಗೈ ಜೇಬಿನಲ್ಲಿದೆ, ಇರಲಿ ಅಲ್ಲೇ, ಅದನ್ನು ಯಾರೂ ಕರೆದಿಲ್ಲ. ತಂಗಿ ಅಂಜಮ್ಮ ಪಕ್ಕದಲ್ಲಿ ಜಡೆಯ ತುದಿ ಕಚ್ಚುತ್ತ ನಿಂತಿದ್ದಾಳೆ, ನೀನೇ ಆರ್ಸಣ್ಣ, ನಂಗೇನ್ ಗೊತ್ತಾಯ್ತದೆ, ಅವಳ ಶಾಲೆಯ ವಟ್ಟು ಸೀಳಿಹೋಗಿದೆ, ಕೃಷ್ಣಗಿರಿಯ ಪಂದ್ಯ ಹತ್ತಿರ ಬಂತು. ಪಾರುಪ್ಪಾ, ಅಂಗಡಿಯವನು ಒಂದೊಂದೇ ಎತ್ತಿ ತೋರಿಸುತ್ತಾನೆ, ಇದು ನಡುವೆ ಭಾರ, ಹೊಸಬರ್ಗೆ ಸುಲಭ, ಹೋಗಿ ಸುಮ್ನೆ ಬೀಳ್ತದೆ, ಇದು ಅಂಚಲ್ಲಿ ಭಾರ, ತಿರುಗ್ಸಕ್ಕೆ ಬೆರಳು ಗಟ್ಟಿ ಬೇಕು, ತಿರುಗಿದ್ರೆ ದೂರ, ರೊಂಬ ದೂರ. ನನಗೇ ಹೇಳಿಕೊಡುತ್ತಾನೆ! ಎಲ್ಲ ಬೆರಳೂ ಬಿಟ್ಟಮೇಲೆ ಕೊನೆಗೆ ಬಿಡುವುದು ತೋರುಬೆರಳು, ಅದು ಸವರಿ ಕಳಿಸಿದರೇ ವಟ್ಟು ತಿರುಗುವುದು — ಡ್ರಿಲ್ ಮೇಷ್ಟ್ರು ಸಾವಿರ ಸಲ ಹೇಳಿದ್ದು, ವಟ್ಟು ಎರಿದಲ್, ಕದಿರಪ್ಪಾ ವಾ, ಎಂದು ಮೈದಾನದ ತುಂಬ ತಮಿಳಿನಲ್ಲಿ ಕೂಗಿದ್ದು, ನಾನು ಮನೆಗೆ ಬಂದು ಅದನ್ನೇ ಹೇಳಿದರೆ ಅವ್ವನ ಕಿವಿಗೆ ಬಿದ್ದದ್ದು ವಟ್ಟೆ ಉರಿ, ಅವಳ ಬಾಯಲ್ಲಿ ಹೊಟ್ಟೆ ಅಂದರೆ ವಟ್ಟೆಯೇ, ಇದ್ಯಾವ ಆಟ್ವಲಾ, ವಟ್ಟೆ ಉರಿ ಅಂತ ಯಾರಾನಾ ಹೆಸರಿಕ್ತಾರಾ, ಆಮೇಲೆ ಊರಿಗೆಲ್ಲ ಸಾರಿದ್ದೂ ಅವಳೇ, ನಮ್ ಕದಿರ ವಟ್ಟೆ ಉರೀಲಿ ಫಸ್ಟ್ ಬಂದ, ಬಾವಿಯ ಕಟ್ಟೆಯಲ್ಲಿ ಹೆಂಗಸರು ಬಿದ್ದು ಬಿದ್ದು ನಕ್ಕಿದ್ದರು, ನಾನೂ ನಕ್ಕಿದ್ದೆ, ನಗುವುದಕ್ಕೇನಾಗಿತ್ತು ಆಗ.

ವಟ್ಟು ಎಸೆಯುತ್ತೇನೆ ಅಂತಲೇ ಫ್ಯಾಕ್ಟರಿಯಲ್ಲಿ ಕೆಲಸ ಕೊಟ್ಟರು, ಕಂಪನಿ ಟೀಮಿಗೆ ಆಳು ಬೇಕಿತ್ತು, ಜೂಜುವಾಡಿಯ ಲಾರಿಗಳ ನಡುವೆ ಸೈಕಲ್ ತುಳಿದು ಶಿಫ್ಟಿಗೆ ಹೋಗುವುದು, ಪ್ರೆಸ್ಸು ಮೇಲೆ ಹೋಗುತ್ತದೆ, ಕೆಳಗೆ ಬರುತ್ತದೆ, ತಗಡು ಇಡು, ಕೈ ತೆಗೆ, ತಗಡು ಇಡು — ಬಲಗೈಯ ತೋರುಬೆರಳೂ ನಡುಬೆರಳೂ ಹೋದವು, ನೋವು ಆಮೇಲೆ ಬಂತು, ಮೊದಲು ಬಂದದ್ದು ಆಶ್ಚರ್ಯ, ಅಯ್ಯೋ ಕೊನೆಗೆ ಬಿಡುವುದು ಅದೇ ಅಲ್ಲವೇ ಅಂತ. ಈಗ ಸ್ಟೋರಿನಲ್ಲಿ ಕೂರಿಸಿದ್ದಾರೆ, ಒಳ್ಳೆಯವರು. ರಾಗಿ ಕೊಯ್ದ ಹೊಲದಲ್ಲಿ ನನ್ನ ದೂರದ ಎಸೆತಕ್ಕೆ ನಾನೇ ನೆಟ್ಟ ಕಲ್ಲು ಹಾಗೇ ಇದೆ, ಅಪ್ಪ ಉಳುವಾಗ ನೇಗಿಲನ್ನು ಅದಕ್ಕೆ ತಾಗದಂತೆ ಸುತ್ತಿಸಿ ಹೋಗುತ್ತಾನೆ, ಮೊನ್ನೆ ಅಂಜಮ್ಮ ಎಸೆದದ್ದು ಕಲ್ಲಿಗೆ ಒಂದು ಮಾರು ಈಚೆ ಬಿತ್ತು, ಆ ಸೀಳು ವಟ್ಟಿನಲ್ಲೇ! ಅಣ್ಣಾ ನೋಡ್ದಾ ಅಂತ ಓಡಿ ಬಂದಳು, ನೋಡಿದೆ, ಅವಳದು ಹಗುರ, ನನ್ನದು ಭಾರದ್ದಾಗಿತ್ತು, ಏನು ಸಮಾಧಾನ ಹೇಳಿಕೊಂಡರೂ ಹೊಟ್ಟೆ ಉರಿಯಿತು, ಅದಕ್ಕೆ ಬೇರೆ ಮಾತಿಲ್ಲ, ಎತ್ತಿ ಆಡಿಸಿದ ಮಗುವಿನ ಮೇಲೆ, ಅವ್ವ ತಪ್ಪು ಕೇಳಿಸಿಕೊಂಡಳು ಅಂತ ನಕ್ಕೆನಲ್ಲ, ಸರಿಯಾಗಿಯೇ ಕೇಳಿಸಿಕೊಂಡಿದ್ದಳು. ನಡುವೆ ಭಾರದ್ದು ಕೊಡಿಸಿದರೆ ಕಲ್ಲು ದಾಟುವುದಿಲ್ಲ, ಯಾರಿಗೂ ತಿಳಿಯುವುದೂ ಇಲ್ಲ, ಹುಡುಗಿಗೆ ಸುಲಭವಾದದ್ದು ಆರಿಸಿದ ಅನ್ನುತ್ತಾರೆ, ಅಣ್ಣ ಅಂದರೆ ಹೀಗಿರಬೇಕು ಅನ್ನುತ್ತಾರೆ — ಎದ ಮುಡಿವು ಪಣ್ಣೀಂಗ, ಯಾವ್ದಪ್ಪಾ, ಅಂಗಡಿಯವನು ಕೇಳುತ್ತಾನೆ, ಯಾವುದು, ಅವಳು ಜಡೆ ಕಚ್ಚುವುದು ಬಿಟ್ಟಿದ್ದಾಳೆ, ನನ್ನ ಬಾಯಿಯನ್ನೇ ನೋಡುತ್ತಿದ್ದಾಳೆ, ಅಂಚಿಂದು, ಅಂಚಲ್ಲಿ ಭಾರ ಇರೋದು ಕೊಡಿ, ಹೇಳಿಬಿಟ್ಟೆ, ಹೋಗಲಿ, ದಾಟಲಿ, ನನ್ನ ಕಲ್ಲು ಕಿತ್ತು ಅವಳೇ ಇನ್ನೂ ಆಚೆ ನೆಡಲಿ, ಉರಿ ಆರಿತೇ, ಇಲ್ಲ, ಆರಲಿಲ್ಲ. ಇದ್ನ ಹೆಂಗಣ್ಣಾ ಹಿಡಿಯೋದು, ತೋರ್ಸು, ಜೇಬಿನಿಂದ ಬಲಗೈ ತಾನೇ ಹೊರಬಂತು, ವಟ್ಟಿನ ಮೇಲೆ ಕೂತಿತು, ಹೆಬ್ಬೆರಳು ಅಗಲ, ಉಂಗುರಬೆರಳು, ಕಿರುಬೆರಳು ಅಂಚಿಗೆ, ನಡುವೆ ಬರಿಯ ಪಟ್ಟಿ ಹೊಳೆಯುತ್ತಿದೆ, ಅವಳು ತನ್ನ ಕೈ ತಂದು ನನ್ನ ಕೈಮೇಲೆ ಇಟ್ಟಳು, ಇಲ್ಲೇನಣ್ಣ, ಖಾಲಿ ಇದ್ದ ಕಡೆ ಅವಳ ಬೆರಳು, ಹೂಂ ಅಲ್ಲೇ, ಕೊನೆಗೆ ಬಿಡುವುದು ಅದು, ತೋರುಬೆರಳು, ನನ್ನದು ಇದ್ದ ಕಡೆ, ಅವಳ ತೋರುಬೆರಳು —