ಕೇಳದೆ ತಂದ ಜುನಿಪರ್ ಕಡ್ಡಿ

ಬಸವೇಶ್ವರನಗರದ ಆ ಅಡ್ಡರಸ್ತೆಯಲ್ಲಿ ಬೆಳಗ್ಗೆ ವಾಕಿಂಗ್ ಹೊರಟವರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್ ಇದ್ದೇ ಇರುತ್ತಿತ್ತು. ಯಾರದೋ ಕಾಂಪೌಂಡಿನ ಹೂ, ಇವರ ಮನೆಯ ಪೂಜೆಗೆ. ಜಲಜಾ ರೋಸಿಹೋಗಿ ಗೇಟಿಗೆ 'ಹೂ ಕೀಳಬಾರದು' ಎಂದು ಬೋರ್ಡ್ ಕಟ್ಟಿದ್ದಳು. ಆದರೂ ಒಂದು ದಿನ ಪಕ್ಕದ ಗೋಡೆಯಾಚೆಯಿಂದ ದಾಸವಾಳಕ್ಕೆ ಕೈಯೊಂದು ಬಂತು.

"ಓದೋಕೆ ಬರಲ್ವೇನ್ರೀ?" ಎಂದು ಕೂಗಿಬಿಟ್ಟಳು.

ಕೈ ಸರಕ್ಕನೆ ಹಿಂದೆ ಹೋಯಿತು. ಧಾರವಾಡದ ಕಡೆಯಿಂದ ಪಕ್ಕದ ಮನೆಗೆ ಹೊಸದಾಗಿ ಬಂದಿದ್ದ ನೀಲಾಂಬಿಕಾಳ ಕೈ ಅದು.

ಅದೇ ನೀಲಾಂಬಿಕಾ ಮೆಟ್ಟಿಲ ಪಕ್ಕದ ಕುಂಡದಲ್ಲಿ ಜುನಿಪರ್ ಎಂಬ ಅಲಂಕಾರದ ಗಿಡ ಬೆಳೆಸಿದ್ದಳು. ನೀಲಿ ಬೆರೆತ ಹಸಿರು, ಮುಟ್ಟಿದರೆ ಮೂಗಿಗೆ ಹಿತವಾದ ಘಮ. ಜಲಜಾಳಿಗೆ ಆಸೆ ಹತ್ತಿತು. ಆದರೆ ಯಾವ ಮುಖ ಇಟ್ಟುಕೊಂಡು ಕೇಳುವುದು? ಒಂದು ಸಂಜೆ ನೀಲಾಂಬಿಕಾ ಎಸ್‌ಟಿಡಿ ಬೂತಿಗೆ ಹೋದದ್ದನ್ನು ನೋಡಿಕೊಂಡು, ಗೋಡೆಯ ಮೇಲಿಂದ ಬಗ್ಗಿ ನಾಲ್ಕು ಕಡ್ಡಿ ಮುರಿದು ಸೆರಗಿನಲ್ಲಿ ಮುಚ್ಚಿಕೊಂಡಳು. ಕೇಳದೆ ತಂದ ಕಡ್ಡಿಯೇ ಚೆನ್ನಾಗಿ ಬೇರು ಹಿಡಿಯುತ್ತದೆ ಎಂದು ಅಮ್ಮ ನಂಬಿದ್ದನ್ನು ನೆನೆದು ಸಮಾಧಾನ ಮಾಡಿಕೊಂಡಳು.

"ಬೋರ್ಡ್ ಬರೆದವಳೇ ಕಳ್ಳಿ ಆದ್ಯಲ್ಲೇ!" ಗಂಡ ಪದ್ಮನಾಭ ನಕ್ಕ.

"ಮೆತ್ತಗೆ ಮಾತಾಡ್ರೀ, ಕೇಳ್ಸತ್ತೆ."

ಕಡ್ಡಿಗಳ ಕೆಳಗಿನ ಎಲೆ ಸವರಿ, ಹಾಲಿನ ಕವರುಗಳಿಗೆ ಮರಳು, ತೆಂಗಿನ ನಾರಿನ ಪುಡಿ ತುಂಬಿ ನೆಟ್ಟಳು. ಟೆರೇಸಿನ ನೀರಿನ ಟ್ಯಾಂಕಿನ ನೆರಳಲ್ಲಿ ಇಟ್ಟಳು. ಇಟ್ಟು ಸುಮ್ಮನಿರಬಾರದೇ? ಬೇರು ಬಂತೇ ಎಂದು ದಿನಾ ಎಳೆದು ನೋಡಿದಳು. ಕಡ್ಡಿಗಳು ಕಂದು ಬಣ್ಣಕ್ಕೆ ತಿರುಗಿ ಒಣಗಿದವು.

ಆಸೆ ಮಾತ್ರ ಒಣಗಲಿಲ್ಲ. ಮತ್ತೊಂದು ಮಧ್ಯಾಹ್ನ ಗೋಡೆಯ ಮೇಲೆ ಕೈ ಚಾಚಿದಳು.

"ಅದು ಬ್ಯಾಡ್ರೀ, ಭಾಳ ಬಲತೈತಿ."

ಬಾಗಿಲಲ್ಲಿ ನೀಲಾಂಬಿಕಾ ನಿಂತಿದ್ದಳು. ಜಲಜಾಳ ಕೈ ಅಲ್ಲೇ ಉಳಿಯಿತು. ನೀಲಾಂಬಿಕಾ ಎಳೆಯ ಕವಲುಗಳನ್ನು ಆರಿಸಿ, ಬುಡದಲ್ಲಿ ಚೂರು ತೊಗಟೆ ಉಳಿಯುವಂತೆ ಕೆಳಮುಖವಾಗಿ ಸೀಳಿ ತೆಗೆದಳು. ಒದ್ದೆ ಬಟ್ಟೆಯಲ್ಲಿ ಸುತ್ತಿ ಗೋಡೆಯ ಮೇಲಿಟ್ಟಳು.

"ಟೆರೇಸ್ ಮ್ಯಾಲೆ ಬಟ್ಟಿ ಒಣಹಾಕೂವಾಗ ದಿನಾ ನೋಡ್ತಿದ್ದೆ. ಹಂಗ ಕಿತ್ತು ಕಿತ್ತು ನೋಡಿದ್ರ ಪಾಪ, ಬೇರು ಹ್ಯಾಂಗ ಬಿಡ್ತಾವ್ರೀ? ನೆಟ್ಟು ಮೂರ್ನಾಕ್ ತಿಂಗಳ ಮರತಬಿಡ್ರಿ."

ಅಂದರೆ ಮೊದಲಿನಿಂದಲೂ ಗೊತ್ತಿತ್ತು! ಗೊತ್ತಿದ್ದೂ ಒಂದು ಮಾತು ಆಡಿರಲಿಲ್ಲ. ದಾಸವಾಳದ ವಿಷಯವನ್ನೂ ಎತ್ತಲಿಲ್ಲ. ಎತ್ತಿದ್ದರೇ ಚೆನ್ನಾಗಿತ್ತು, ಬೈದಿದ್ದರೆ ಮನಸ್ಸು ಇನ್ನೂ ಹಗುರಾಗುತ್ತಿತ್ತು ಎನ್ನಿಸಿತು ಜಲಜಾಳಿಗೆ.

ಆ ಕಡ್ಡಿಗಳನ್ನು ನೆಟ್ಟು, ಅಂದೇ ಬೋರ್ಡ್ ಬಿಚ್ಚಿದಳು. ದಾಸವಾಳದ ಕೊಂಬೆಯನ್ನು ಗೋಡೆಯಾಚೆಗೆ ಬಗ್ಗಿಸಿ ದಾರದಿಂದ ಕಟ್ಟಿದಳು. ಮರುದಿನ ಸಂಜೆಗೆ ಅಷ್ಟೂ ಹೂ ಅಲ್ಲೇ ಮುದುಡಿದ್ದವು. ಒಮ್ಮೆ ಬೈಸಿಕೊಂಡ ಕೈ ಕರೆಯದೆ ಬರುವುದಿಲ್ಲ. ದಾರ ಕಟ್ಟಿದರೆ ಸಾಲದು, ಬಾಯಿಬಿಟ್ಟು ಕರೆಯಬೇಕಿತ್ತು.

ಬೆಳಗ್ಗೆ ಗೋಡೆಯ ಬಳಿ ನಿಂತು ಕರೆದಳು. ಎರಡನೇ ಸಲಕ್ಕೆ ನೀಲಾಂಬಿಕಾ ಬಂದಳು.

"ಏನ್ರೀ?"

"ಆವತ್ತು... ಹೂವಿಗೆ ನಾನು ಹಾಗೆ ಕೂಗಬಾರದಿತ್ತು ಕಣ್ರೀ. ತಪ್ಪಾಯ್ತು."

ನೀಲಾಂಬಿಕಾ ಒಳಗೆ ಹೋದಳು. ಹೂಬುಟ್ಟಿ ಹಿಡಿದು ಬಂದಳು.

"ಪೂಜಿ ಹೊತ್ತಾತು. ಆ ಮ್ಯಾಲಿಂದು ಬಗ್ಗಸ್ರಿ, ನನಗ ಎಟಕೂದಿಲ್ಲ."

ಜಲಜಾ ಕೊಂಬೆ ಬಗ್ಗಿಸಿ ಹಿಡಿದಳು. ನೀಲಾಂಬಿಕಾಳ ಮುಖ ನೋಡಲು ಮಾತ್ರ ತಲೆ ಎತ್ತಲಿಲ್ಲ.